ಬಿಎಸ್ಸಿ ಮೂರು ವರ್ಷ ಮುಗೀತು: ನಾಲ್ಕನೇ ವರ್ಷ ಆನರ್ಸ್‌ಗೆ ಸೇರೋದಾ, ನೇರ ಎಂಎಸ್ಸಿಗೆ ಹೋಗೋದಾ? (ಕೋಲಾರ)

ಮಾಲೂರು_ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಬಿಎಸ್ಸಿ, ಮೇಜರ್ ರಸಾಯನಶಾಸ್ತ್ರ. 2023-24ರಲ್ಲಿ ಸೇರಿದ ಬ್ಯಾಚ್, ಅಂದ್ರೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸ್ಕೀಮಿನ ಕೊನೇ ಬ್ಯಾಚ್. ಆರನೇ ಸೆಮ್ ಪರೀಕ್ಷೆ ಮುಗಿದಿದೆ, ರಿಸಲ್ಟ್ ಬರಬೇಕು. ಐದು ಸೆಮ್‌ವರೆಗೆ ಸಿಜಿಪಿಎ 7.8, ಬ್ಯಾಕ್‌ಲಾಗ್ ಇಲ್ಲ.

ನಾಲ್ಕನೇ ವರ್ಷ ಆನರ್ಸ್‌ಗೆ ಹೆಸರು ಕೊಡಿ ಅಂತ ಡಿಪಾರ್ಟ್‌ಮೆಂಟಲ್ಲಿ ಹೇಳ್ತಿದ್ದಾರೆ. ಮನೆಯಲ್ಲಿ "ಡಿಗ್ರಿ ಮೂರೇ ವರ್ಷ ಅಲ್ವಾ, ಇನ್ನೊಂದು ವರ್ಷ ಯಾಕೆ" ಅಂತಾರೆ. ನನ್ನ ಪ್ರಶ್ನೆ ಇಷ್ಟು: ಆ ಒಂದು ವರ್ಷದಲ್ಲಿ ನಿಜವಾಗಿ ಏನು ಓದಿಸ್ತಾರೆ? ಆಮೇಲೆ ಎಂಎಸ್ಸಿ ಒಂದೇ ವರ್ಷಕ್ಕೆ ಮುಗಿಯುತ್ತಾ? ಸೇರೋ ಮುಂಚೆ ಆಫೀಸಲ್ಲಿ, ಡಿಪಾರ್ಟ್‌ಮೆಂಟಲ್ಲಿ ಏನೇನು ಕೇಳ್ಬೇಕು? ತಮ್ಮ ಈಗ ತಾನೇ ಸೆಕೆಂಡ್ ಪಿಯುಸಿ ಮುಗಿಸಿದ್ದಾನೆ, ಅವನಿಗೂ ಈ ಆನರ್ಸ್ ಸಿಗುತ್ತಾ?

ಬ್ಯುರೆಟ್

ಮೊದಲು ತಮ್ಮನ ವಿಷಯ, ಅದು ಬೇಗ ಮುಗಿಯುತ್ತದೆ. 2024ರ ಮೇ ತಿಂಗಳ ಸರ್ಕಾರಿ ಆದೇಶದ ನಂತರ, ಅಂದರೆ 2024-25ರಿಂದ ಸೇರಿದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿಎ, ಬಿಎಸ್ಸಿ, ಬಿಕಾಂ ಮತ್ತೆ ಮೂರು ವರ್ಷದ ಪದವಿಯಾಗಿದೆ. ನಾಲ್ಕನೇ ವರ್ಷದ ಅವಕಾಶ ಉಳಿದಿರುವುದು 2021-22, 2022-23, 2023-24ರಲ್ಲಿ ಸೇರಿದ ಮೂರು ಬ್ಯಾಚಿಗೆ. ನೀವು ಆ ಮೂರರಲ್ಲಿ ಕೊನೆಯವರು. ಈ "ಕೊನೆಯವರು" ಅನ್ನುವುದಕ್ಕೆ ಒಂದು ಬೆಲೆ ಇದೆ, ಅದನ್ನು ಕೆಳಗೆ ಹೇಳುತ್ತೇನೆ.

ಆನರ್ಸ್ ಅಂದರೆ ಒಂದೇ ಅಲ್ಲ, ಎರಡು ಬಗೆ. ಯುಜಿಸಿಯ 2022ರ ಪದವಿ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಮೊದಲ ಆರು ಸೆಮಿಸ್ಟರಿನಲ್ಲಿ 75% ಅಥವಾ ಅದಕ್ಕಿಂತ ಹೆಚ್ಚು ಬಂದವರು "ಸಂಶೋಧನೆಯೊಂದಿಗೆ ಆನರ್ಸ್" ತೆಗೆದುಕೊಳ್ಳಬಹುದು. ಅವರಿಗೆ 12 ಕ್ರೆಡಿಟ್ಟಿನ ಸಂಶೋಧನಾ ಪ್ರಾಜೆಕ್ಟ್ ಇರುತ್ತದೆ. ಉಳಿದವರಿಗೆ ಬರೀ "ಆನರ್ಸ್": ಪ್ರಾಜೆಕ್ಟಿನ ಬದಲು ಅದೇ 12 ಕ್ರೆಡಿಟ್ಟಿಗೆ ಮೂರು ಪೇಪರ್. ಎರಡರಲ್ಲೂ ಮೇಜರ್ ವಿಷಯದ ಮೇಲ್ಮಟ್ಟದ ಪೇಪರುಗಳು, ಸಂಶೋಧನಾ ವಿಧಾನ ಎಲ್ಲ ಇದ್ದೇ ಇರುತ್ತವೆ. ಮೂರು ವರ್ಷದಲ್ಲಿ ಓದಿದ ಎರಡನೇ ವಿಷಯ, ಓಪನ್ ಎಲೆಕ್ಟಿವ್, ಭಾಷೆ ಇವುಗಳ ಗಲಾಟೆ ಇಲ್ಲ. ಹಾಗಾಗಿ ನಾಲ್ಕನೇ ವರ್ಷದ ತರಗತಿ ಡಿಗ್ರಿಗಿಂತ ಎಂಎಸ್ಸಿ ಮೊದಲ ವರ್ಷಕ್ಕೇ ಹತ್ತಿರ.

ನಿಮ್ಮ 7.8 ಐದು ಸೆಮ್‌ಗೆ. ಕ್ರೆಡಿಟ್ ಸಮ ಅಂದುಕೊಂಡರೆ ಆರನೆಯದರಲ್ಲಿ 6.0 ಬಂದರೂ ಒಟ್ಟು 7.5ಕ್ಕೆ ನಿಲ್ಲುತ್ತದೆ, ಆ ಭಯ ಬೇಡ. ಆದರೆ 75% ಎರಡು ಕಡೆ ಬರುತ್ತದೆ, ಬಹಳ ಜನ ಒಂದೇ ಅಂದುಕೊಂಡಿರುತ್ತಾರೆ. ಸಂಶೋಧನಾ ಶಾಖೆಗೆ ಸೇರಲು ಆರು ಸೆಮಿಸ್ಟರಿನ 75%. ಎಂಎಸ್ಸಿ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಲು ಎಂಟು ಸೆಮಿಸ್ಟರಿನ ಒಟ್ಟು 75% (ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ 5% ರಿಯಾಯಿತಿ). ನಾಲ್ಕನೇ ವರ್ಷದಲ್ಲಿ ಜಾರಿದರೆ ಮೊದಲನೆಯದು ಸಿಕ್ಕೂ ಎರಡನೆಯದು ಹೋಗುತ್ತದೆ.

ಈಗ ಲೆಕ್ಕ. 3+2 ಅಂದರೆ ಐದು ವರ್ಷ. 4+1 ಅಂದರೂ ಐದೇ. ಎಡವಟ್ಟಾಗುವುದು 4+2ರಲ್ಲಿ. ಯುಜಿಸಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಅವಕಾಶ ಕೊಟ್ಟಿದೆ ನಿಜ, ಅವಕಾಶ ಕೊಡುವುದೇ ಬೇರೆ, ವಿಶ್ವವಿದ್ಯಾಲಯ ನಿಮ್ಮ ವಿಷಯದಲ್ಲಿ ಸೀಟು ತೆರೆಯುವುದೇ ಬೇರೆ. ನೀವು ಹೋಗಬೇಕೆಂದಿರುವ ಮೂರು ವಿಶ್ವವಿದ್ಯಾಲಯಗಳ ಈ ವರ್ಷದ ಪಿಜಿ ಪ್ರವೇಶ ಅಧಿಸೂಚನೆ ತೆಗೆದು, ಅದರಲ್ಲಿ ಒಂದು ವರ್ಷದ ಎಂಎಸ್ಸಿ ರಸಾಯನಶಾಸ್ತ್ರ ಅಂತ ಅಚ್ಚಾಗಿದೆಯೇ ನೋಡಿ. "ಮುಂದಿನ ವರ್ಷ ಬರುತ್ತಂತೆ" ಅನ್ನುವ ಮಾತಿನ ಮೇಲೆ ಒಂದು ವರ್ಷ ಕಟ್ಟಬೇಡಿ.

ಇನ್ನು "ಕೊನೆಯ ಬ್ಯಾಚ್" ಬೆಲೆ. ನಿಮ್ಮ ಹಿಂದೆ ಅದೇ ಸಿಲೆಬಸ್ಸಿನಲ್ಲಿ ಬರುವ ಜೂನಿಯರ್ ಇಲ್ಲ. ಏಳನೇ ಸೆಮ್‌ನಲ್ಲಿ ಒಂದು ಪೇಪರ್ ಹೋದರೆ ಅದನ್ನು ಮತ್ತೆ ಬರೆಯುವುದು ಪುನರಾವರ್ತಿತರಿಗಾಗಿ ನಡೆಸುವ ಪರೀಕ್ಷೆಯಲ್ಲಿ ಮಾತ್ರ. ಆ ಪೇಪರಿಗೆ ತರಗತಿ ಇರುವುದಿಲ್ಲ, ನೋಟ್ಸ್ ಕೇಳಲು ಯಾರೂ ಇರುವುದಿಲ್ಲ. ಹಾಗಾಗಿ ಪಾಸಾಗುವ ಧೈರ್ಯ ಇದ್ದರಷ್ಟೇ ಸೇರಿ.

ಕೌಂಟರ್_ಮೂರು

ಮೇಲಿನವರು ಓದಿನ ಕಡೆಯದು ಹೇಳಿದ್ದಾರೆ. ಕಾಗದದ ಕಡೆಯದು ಇಲ್ಲಿದೆ.

ಒಂದು, ಟಿಸಿ ಈಗಲೇ ತೆಗೆಸಬೇಡಿ. ಗೆಳೆಯರೆಲ್ಲ ತೆಗೆಸಿದರು ಅಂತ ನೀವೂ ತೆಗೆಸಿದರೆ ಅದೇ ಕಾಲೇಜಿಗೆ ಮತ್ತೆ ಹೊಸದಾಗಿ ಪ್ರವೇಶದ ಓಡಾಟ ಶುರು. ಆರು ಸೆಮಿಸ್ಟರಿನ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ, ಅದೇ ಪಿಡಿಸಿ, ಇವನ್ನು ಮಾತ್ರ ತೆಗೆದಿಟ್ಟುಕೊಳ್ಳಿ. ಎಂಎಸ್ಸಿಗೂ ಬಿಎಡ್‌ಗೂ ಮೊದಲು ಕೇಳುವುದು ಅವನ್ನೇ.

ಎರಡು, ಎಬಿಸಿ ಖಾತೆ, ಅಂದರೆ ನಿಮ್ಮ ಕ್ರೆಡಿಟ್‌ಗಳು ಜಮೆಯಾಗುವ ಆನ್‌ಲೈನ್ ಖಾತೆ. ಡಿಜಿಲಾಕರ್‌ನಲ್ಲಿ ಲಾಗಿನ್ ಆಗಿ ಮೊದಲ ಸೆಮ್‌ನಿಂದ ಕ್ರೆಡಿಟ್ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಹೆಸರು. ನಮ್ಮ ಕಡೆ ಇನಿಷಿಯಲ್ ಸಮಸ್ಯೆ ಗೊತ್ತಲ್ಲ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಎನ್. ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ ಎನ್", ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಯ ಪೋರ್ಟಲ್) ಅಪ್ಪನ ಪೂರ್ತಿ ಹೆಸರು ಬೇರೆ. ಮೂರೂ ಒಂದಾಗಬೇಕು. ಮೂಲ ದಾಖಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಉಳಿದೆರಡನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಸಲ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಅರ್ಜಿ ಹಾಕಿ. ಇದನ್ನು ಕೊನೆಗಿಟ್ಟುಕೊಂಡರೆ ಕಷ್ಟ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಅವರು ನೋಡುವುದು ಈ ಖಾತೆಯನ್ನು.

ಮೂರು, ರಿವ್ಯಾಲ್ಯುಯೇಷನ್ ಹಾಕಿದ್ದರೆ ಅದರ ಫಲಿತಾಂಶ ಬಂದ ಮೇಲೆ ಸಿಜಿಪಿಎ ಬದಲಾಗಿದೆಯೇ ಅಂತ ನೀವೇ ಯುಯುಸಿಎಂಎಸ್ ಲಾಗಿನ್‌ನಲ್ಲಿ ನೋಡಿ. 7.48ರಲ್ಲಿದ್ದವರಿಗೆ ಅದು ಬಹಳ ಮುಖ್ಯ.

ನಾಲ್ಕು, ವಿದ್ಯಾರ್ಥಿವೇತನ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹೊಸ ವರ್ಷದ ಅರ್ಜಿ ಹಾಕುವ ಮುಂಚೆ ನಿಮ್ಮ ಕೋರ್ಸಿನ ಅವಧಿ ನಾಲ್ಕು ವರ್ಷ ಅಂತ ದಾಖಲಾಗಿದೆಯೇ ಎಂದು ವಿದ್ಯಾರ್ಥಿವೇತನ ನೋಡಿಕೊಳ್ಳುವ ಗುಮಾಸ್ತರ ಹತ್ತಿರ ಪರೀಕ್ಷಿಸಿ. ಮೂರು ವರ್ಷ ಅಂತಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ. ಹಾಸ್ಟೆಲ್‌ನಲ್ಲಿದ್ದರೆ ವಾರ್ಡನ್ ಹತ್ತಿರವೂ ಇದೇ ಮಾತು, ಮೂರು ವರ್ಷಕ್ಕೆ ಕೊಟ್ಟ ಸೀಟು ತಾನಾಗಿ ನಾಲ್ಕನೇ ವರ್ಷಕ್ಕೆ ಮುಂದುವರಿಯುತ್ತದೆ ಅಂತ ಇಟ್ಟುಕೊಳ್ಳಬೇಡಿ.

ಹಳೇ_ಬಸ್‌ಸ್ಟ್ಯಾಂಡ್

ಅಷ್ಟೆಲ್ಲಾ ಯಾಕೆ ಸ್ವಾಮಿ. ಸುಮ್ನೆ ಬಿಎಡ್ ಮಾಡ್ಕೊಳ್ಳಿ, ಎರಡು ವರ್ಷಕ್ಕೆ ಮೇಷ್ಟ್ರು ಕೆಲಸಕ್ಕೆ ಅರ್ಜಿ ಹಾಕ್ಬೋದು. ಆನರ್ಸ್ ಅಂತ ಬೋರ್ಡ್ ಹಾಕ್ಕೊಂಡ್ರೆ ಕೆಪಿಎಸ್‌ಸಿಲಿ ಎಕ್ಸ್‌ಟ್ರಾ ಮಾರ್ಕ್ಸ್ ಕೊಡ್ತಾರಾ?

ಬ್ಯುರೆಟ್

ಕೊಡುವುದಿಲ್ಲ, ಅದರಲ್ಲಿ ನಿಮ್ಮ ಮಾತು ಸರಿ. ಕೆಎಎಸ್, ಪಿಡಿಒ, ಬ್ಯಾಂಕು, ಹೈಸ್ಕೂಲು ಶಿಕ್ಷಕ ಹುದ್ದೆ, ಇವಕ್ಕೆ ಮೂರು ವರ್ಷದ ಪದವಿ ಸಾಕು, ಶಿಕ್ಷಕರಿಗಾದರೆ ಜೊತೆಗೆ ಬಿಎಡ್. ಐಐಟಿಗಳ ಎಂಎಸ್ಸಿಗೆ ಬರೆಯುವ ಜಾಮ್ ಪರೀಕ್ಷೆಗೂ ಆನರ್ಸ್ ಬೇಡ. ಕಾಲೇಜು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 55% ಇರುವ ಸ್ನಾತಕೋತ್ತರ ಪದವಿ ಬೇಕೇ ಬೇಕು, ನಾಲ್ಕು ವರ್ಷದ ಡಿಗ್ರಿ ಅದರ ಜಾಗ ತುಂಬುವುದಿಲ್ಲ.

ಹಾಗಾದರೆ ಯಾರಿಗೆ? ಲ್ಯಾಬಿನಲ್ಲಿ ಕೈ ಪಳಗಬೇಕು, ಮುಂದೆ ಪಿಎಚ್‌ಡಿ ಇಲ್ಲವೇ ಕಂಪನಿಯ ಸಂಶೋಧನಾ ವಿಭಾಗ ಅನ್ನುವವರಿಗೆ. ಅದೂ ಎಲ್ಲ ಕಾಲೇಜಿನಲ್ಲಿ ಅಲ್ಲ. ಯುಜಿಸಿ ಚೌಕಟ್ಟೇ ಹೇಳುವ ಪ್ರಕಾರ ಸಂಶೋಧನೆಯೊಂದಿಗೆ ಆನರ್ಸ್ ನಡೆಸುವ ವಿಭಾಗದಲ್ಲಿ ಪಿಎಚ್‌ಡಿ ಮಾರ್ಗದರ್ಶಕರೆಂದು ಮಾನ್ಯತೆ ಪಡೆದ ಕಾಯಂ ಅಧ್ಯಾಪಕರು ಕನಿಷ್ಠ ಇಬ್ಬರಿರಬೇಕು, ಪ್ರಯೋಗಾಲಯ, ಗ್ರಂಥಾಲಯ, ಜರ್ನಲ್ ಸೌಲಭ್ಯ ಇರಬೇಕು. ನಮ್ಮ ಕಡೆ ಅತಿಥಿ ಉಪನ್ಯಾಸಕರ ಮೇಲೇ ನಿಂತಿರುವ ವಿಭಾಗಗಳಿವೆ. ಅವರು ಚೆನ್ನಾಗಿ ಪಾಠ ಮಾಡುತ್ತಾರೆ, ಅದು ಬೇರೆ ವಿಷಯ, ಆದರೆ ಈ ನಿಯಮದ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಡಿಪಾರ್ಟ್‌ಮೆಂಟಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಸಿಲೆಬಸ್ ಏನು" ಅಲ್ಲ, "ನನ್ನ ಗೈಡ್ ಯಾರು, ಅವರ ಕೈಯಲ್ಲಿ ಈ ವರ್ಷ ಎಷ್ಟು ಪ್ರಾಜೆಕ್ಟ್ ಇದೆ, ಯಾವ ಉಪಕರಣ ಕೆಲಸ ಮಾಡುತ್ತಿದೆ". ಉಪಕರಣ ಇದೆ ಅನ್ನುವುದಕ್ಕೂ ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಲ್ಯಾಬ್ ಅಟೆಂಡರ್‌ಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೂ ಕೇಳಿ.

ಮಾಲೂರು_ಪ್ಯಾಸೆಂಜರ್

ತುಂಬಾ ಥ್ಯಾಂಕ್ಸ್ ಸರ್. ಗೈಡ್ ಇದ್ದಾರೆ, ಕಾಯಂ ಅಧ್ಯಾಪಕರು, ಪಿಎಚ್‌ಡಿ ವಿದ್ಯಾರ್ಥಿಗಳೂ ಅವರ ಹತ್ತಿರ ಇದ್ದಾರೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಮಾಡೋಣ ಅಂದಿದ್ದಾರೆ. "ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್" ಅಂತ ಶೀರ್ಷಿಕೆ ಯೋಚಿಸಿದ್ದೇನೆ. 12 ಕ್ರೆಡಿಟ್ ಅಂದ್ರೆ ಎಷ್ಟು ಕೆಲಸ?

ಕೆರೆ_ಏರಿ

ಶೀರ್ಷಿಕೆಯಲ್ಲೇ ಮುಳುಗುತ್ತೀರಿ. ಜಿಲ್ಲೆ ಬಿಡಿ, ಒಂದು ಹೋಬಳಿ ಹಿಡಿಯಿರಿ.

ಪ್ರಾಯೋಗಿಕ ಕೆಲಸದ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿಗೆ ಕನಿಷ್ಠ 30 ಗಂಟೆ. 12 ಅಂದರೆ 360 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 24 ಗಂಟೆ, ಉಳಿದ ಪೇಪರುಗಳ ಜೊತೆಗೆ. ಪ್ರಾಜೆಕ್ಟ್ ಹೆಸರಿಗೆ ಎಂಟನೇ ಸೆಮ್‌ನದು. ಆದರೆ ಎಂಟನೇ ಸೆಮ್ ಮಳೆಗಾಲ ಮುಗಿದ ಮೇಲೆ ಬರುತ್ತದೆ, ಬೇಸಿಗೆಯ ತುದಿಗೆ ಮುಗಿಯುತ್ತದೆ. ಮಳೆಗೆ ಮೊದಲು, ಮಳೆಯ ನಂತರ ಎಂದು ಎರಡು ಸಲ ಮಾದರಿ ತೆಗೆದು ಹೋಲಿಸುವ ಆಸೆ ಇದ್ದರೆ ಏಳನೇ ಸೆಮ್‌ನಲ್ಲೇ ಶುರು ಮಾಡಬೇಕು. ಪ್ರಸ್ತಾವನೆಯಲ್ಲಿ ಎರಡು ಋತು ಅಂತ ಬರೆದು ಕೈಯಲ್ಲಿ ಒಂದೇ ಋತುವಿನ ಅಂಕಿ ಇಟ್ಟುಕೊಂಡು ವೈವಾಕ್ಕೆ ಕೂತರೆ ಪರೀಕ್ಷಕರು ಮೊದಲು ಹಿಡಿಯುವುದು ಅದನ್ನೇ.

25 ಬೋರ್‌ವೆಲ್, ಎರಡು ಸಲ, ಅಂದರೆ 50 ಮಾದರಿ. ಪ್ರತಿಯೊಂದನ್ನೂ ಮೂರು ಸಲ ಅಳೆದರೆ 150 ಓದುವಿಕೆ. ಇಷ್ಟು ಒಬ್ಬರ ಕೈಯಲ್ಲಿ ಆಗುತ್ತದೆ. ದಿನಕ್ಕೆ ಐದಾರು ಊರು ಸುತ್ತಬಹುದು, ಅದಕ್ಕಿಂತ ಹೆಚ್ಚು ಆಗುವುದಿಲ್ಲ, ಯಾಕೆಂದರೆ ಕರೆಂಟ್ ಇರುವ ಹೊತ್ತಿಗೇ ಪಂಪು ಓಡುವುದು. ತ್ರೀ ಫೇಸ್ ವೇಳೆಯನ್ನು ರೈತರ ಹತ್ತಿರ ಮೊದಲೇ ಕೇಳಿಕೊಂಡು ಹೊರಡಿ.

ಮಾದರಿ ತೆಗೆಯುವಾಗ: ಪಂಪು 5ರಿಂದ 10 ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿ ಪಾಲಿಥೀನಿನದು, ಒಂದು ಲೀಟರಿನದು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದಂತೆ ತುಂಬಿ. ಪಿಎಚ್ ಮತ್ತು ವಾಹಕತೆ ಸ್ಥಳದಲ್ಲೇ ಅಳೆಯಿರಿ. ಫ್ಲೋರೈಡ್ ಮಾದರಿಗೆ ರಾಸಾಯನಿಕ ಹಾಕಿ ಕಾಪಾಡಬೇಕಿಲ್ಲ, 28 ದಿನದೊಳಗೆ ಅಳೆದರೆ ಸರಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿಯಿಂದ ತಂದದ್ದನ್ನು ಬೋರ್‌ವೆಲ್ ನೀರು ಅಂತ ಸೇರಿಸಬೇಡಿ. ಅದು ಆರ್‌ಒ ನೀರು, ಫ್ಲೋರೈಡ್ ಕಡಿಮೆ ಬರುತ್ತದೆ, ನಿಮ್ಮ ಸರಾಸರಿ ಕೆಡುತ್ತದೆ.

ಅಳತೆಗೆ ಎರಡು ದಾರಿ. ಫ್ಲೋರೈಡ್ ಅಯಾನು ಎಲೆಕ್ಟ್ರೋಡ್ ಇದ್ದರೆ ಮಾದರಿಗೆ ಸಮ ಪ್ರಮಾಣದ ಟಿಸಾಬ್ ದ್ರಾವಣ (ಪಿಎಚ್ ಮತ್ತು ಅಯಾನು ಬಲವನ್ನು ಒಂದೇ ಮಟ್ಟಕ್ಕೆ ತರುವ ಬಫರ್) ಬೆರೆಸಿ ಓದಿ. ಮೊದಲು ಪ್ರಮಾಣಿತ ದ್ರಾವಣಗಳಲ್ಲಿ ಕ್ಯಾಲಿಬ್ರೇಷನ್ ರೇಖೆ ಹಾಕಿ. ಸಾಂದ್ರತೆ ಹತ್ತು ಪಟ್ಟಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು, ತೀರಾ ಕಡಿಮೆ ಬಂದರೆ ಎಲೆಕ್ಟ್ರೋಡ್ ಸುಸ್ತಾಗಿದೆ ಅಂತ ಅರ್ಥ. ಎಲೆಕ್ಟ್ರೋಡ್ ಇಲ್ಲದಿದ್ದರೆ ಸ್ಪ್ಯಾಡ್ನ್ಸ್ ಬಣ್ಣದ ವಿಧಾನ, ಸ್ಪೆಕ್ಟ್ರೋಫೋಟೋಮೀಟರ್ 570 ನ್ಯಾನೋಮೀಟರ್. ಇದು ಲೀಟರಿಗೆ 1.4 ಮಿಲಿಗ್ರಾಂ ತನಕ ಮಾತ್ರ ನಂಬಬಹುದು. ನಮ್ಮ ಕಡೆ ನೀರು ಅದನ್ನು ದಾಟುವುದು ಅಪರೂಪವಲ್ಲ, ದಾಟಿದರೆ ಬಟ್ಟಿ ಇಳಿಸಿದ ನೀರು ಬೆರೆಸಿ ತೆಳುವಾಗಿಸಿ ಮತ್ತೆ ಅಳೆದು ಗುಣಿಸಬೇಕು. ಹಾಗೆ ಮಾಡದೆ ಎಲ್ಲ ಊರಿನದ್ದೂ 1.4, 1.45 ಅಂತ ಸಾಲಾಗಿ ಬರೆದ ಕೋಷ್ಟಕ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಬರೀ ಫ್ಲೋರೈಡ್ ಅಳೆದು ನಿಲ್ಲಿಸಬೇಡಿ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 1.5, ಎಷ್ಟು ಬಾವಿ ಇದನ್ನು ದಾಟಿದವು ಅನ್ನುವುದು ಪಟ್ಟಿ, ಸಂಶೋಧನೆ ಅಲ್ಲ. ಗ್ರಾನೈಟ್, ನೈಸ್ (gneiss) ಬಂಡೆಯ ಖನಿಜದಿಂದ ಫ್ಲೋರೈಡ್ ಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬನೇಟ್ ಹೆಚ್ಚು ಇರುವ ನೀರಿನಲ್ಲಿ ಅದು ಕರಗಿಯೇ ಉಳಿಯುತ್ತದೆ. ಆದ್ದರಿಂದ ಇಡಿಟಿಎ ಟೈಟ್ರೇಷನ್‌ನಲ್ಲಿ ಕ್ಯಾಲ್ಸಿಯಂ, ಆಮ್ಲದ ಟೈಟ್ರೇಷನ್‌ನಲ್ಲಿ ಕ್ಷಾರತೆ ಸೇರಿಸಿ. ಎರಡೂ ಡಿಗ್ರಿ ಲ್ಯಾಬಿನಲ್ಲೇ ಆಗುವ ಕೆಲಸ, ಖರ್ಚಿಲ್ಲ.

ಮತ್ತೊಂದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ. ನಿಮ್ಮ 25 ಬಾವಿಯಲ್ಲಿ ಕೆಲವು ಆ ಕೆರೆಗಳ ಹತ್ತಿರ, ಕೆಲವು ದೂರ ಇದ್ದರೆ ಎರಡು ಗುಂಪು ಮಾಡಿ ಪ್ರತ್ಯೇಕವಾಗಿ ತೋರಿಸಿ. ಬೆರೆಸಿಬಿಟ್ಟರೆ ಏರಿಳಿತಕ್ಕೆ ಕಾರಣ ಬಂಡೆಯೋ ಕೆರೆಯೋ ಹೇಳಲಾಗುವುದಿಲ್ಲ. ಪ್ರತಿ ಬೋರಿನ ಆಳ ಕೇಳಿ ಬರೆದುಕೊಳ್ಳಿ. ಅಡಿ ಲೆಕ್ಕದಲ್ಲೇ ಹೇಳುತ್ತಾರೆ, ಮೀಟರಿಗೆ ನೀವೇ ತಿರುಗಿಸಿ.

ಬಿದರಕಟ್ಟೆ_ದಾರಿ

ತುಮಕೂರು ಕಡೆಯಿಂದ, ಬಿಎ ಓದಿದವರಿಗೂ ಉಪಯೋಗವಾಗಲಿ ಅಂತ. ಲ್ಯಾಬ್ ಇಲ್ಲದ ವಿಷಯದಲ್ಲಿ ಪ್ರಾಜೆಕ್ಟ್ ಸುಲಭ ಅನ್ನೋ ಭ್ರಮೆ ಇದೆ. ಕೆಡುವುದು ಅಲ್ಲೇ ಜಾಸ್ತಿ.

ಇತಿಹಾಸದವರು ಶಾಸನ, ವೀರಗಲ್ಲು ತೆಗೆದುಕೊಂಡರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 12ನೇ ಸಂಪುಟ ತುಮಕೂರಿನದು, 10ನೆಯದು ಕೋಲಾರದ್ದು. ಅವು ನೂರು ವರ್ಷ ಹಿಂದಿನವು. ಅಲ್ಲಿ ಹೇಳಿದ ಕಲ್ಲು ಈಗ ಹೊಲದ ಬದುವಿನಲ್ಲಿದೆಯೋ, ದೇವಸ್ಥಾನದ ಮೆಟ್ಟಿಲಾಗಿದೆಯೋ ಹೋಗಿ ನೋಡಿ ಬರೆಯುವುದೇ ನಿಮ್ಮ ಹೊಸ ಕೆಲಸ. ಒಂದು ಹೋಬಳಿ ಸಾಕು. ಅರ್ಥಶಾಸ್ತ್ರದವರಿಗೆ ತಿಪಟೂರು ಕೊಬ್ಬರಿ ಮಾರುಕಟ್ಟೆ: ಐದು ವರ್ಷದ ತಿಂಗಳವಾರು ಧಾರಣೆ ಅಂದರೆ 60 ಅಂಕಿ. ಜೊತೆಗೆ ಬೆಳೆಗಾರರ ಪ್ರಶ್ನಾವಳಿ ಮಾಡುವುದಾದರೆ ಮೊದಲು ಐದು ಜನರ ಹತ್ತಿರ ಕೇಳಿ ನೋಡಿ, ಅರ್ಥವಾಗದ ಪ್ರಶ್ನೆ ತೆಗೆದು ಆಮೇಲೆ ಅಚ್ಚು ಹಾಕಿಸಿ. "ನಿಮ್ಮ ವಾರ್ಷಿಕ ಆದಾಯ ಎಷ್ಟು" ಅಂತ ನೇರ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಎಷ್ಟು ಮರ, ಎಷ್ಟು ಕ್ವಿಂಟಾಲ್ ಕೊಬ್ಬರಿ, ಯಾವ ತಿಂಗಳಲ್ಲಿ ಮಾರಿದರು ಅಂತ ಕೇಳಿದರೆ ಸಿಗುತ್ತದೆ.

ಕನ್ನಡದಲ್ಲಿ ಪ್ರಬಂಧ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಡಿಟಿಪಿ ಅಂಗಡಿಗೆ ಕೊಟ್ಟರೆ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಮಾಡಿಕೊಡುತ್ತಾರೆ. ನೋಡಲು ಕನ್ನಡ, ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಕೃತಿಚೌರ್ಯ ತಪಾಸಣೆಯಲ್ಲಿ ಹೊಂದುವುದಿಲ್ಲ. ಕೊನೇ ವಾರದಲ್ಲಿ ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಕಲಸಿಹೋಗಿ 80 ಪುಟ ಮತ್ತೆ ತಿದ್ದಬೇಕು. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10% ತನಕ ದಂಡವಿಲ್ಲ, 10ರಿಂದ 40% ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದರ ಮೇಲೆ ಹೋದರೆ ವರ್ಷವೇ ಹೋಗಬಹುದು.

ಮಾಲೂರು_ಪ್ಯಾಸೆಂಜರ್

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಒಂದು ಹೋಬಳಿ ಅಂತಲೇ ಗೈಡ್‌ಗೆ ಹೇಳ್ತೀನಿ. ತಮ್ಮ ಕೇಳ್ತಿದ್ದಾನೆ, "ಬಿಎಸ್ಸಿ ಆನರ್ಸ್ ಅಗ್ರಿಕಲ್ಚರ್" ಅಂತ ಬರುತ್ತಲ್ಲ, ಅದೂ ನಿಂತುಹೋಯ್ತಾ?

ಕೌಂಟರ್_ಮೂರು

ಇಲ್ಲ, ಅದು ಬೇರೆ ಗಾಡಿ. ಕೃಷಿ, ತೋಟಗಾರಿಕೆ ಪದವಿಗಳು ಕೃಷಿ ವಿಶ್ವವಿದ್ಯಾಲಯಗಳವು, ರಾಜ್ಯದಲ್ಲಿ ಎನ್‌ಇಪಿ ಕೈಬಿಟ್ಟದ್ದಕ್ಕೂ ಅವಕ್ಕೂ ಸಂಬಂಧವಿಲ್ಲ. ಮೊದಲಿನಿಂದಲೂ ನಾಲ್ಕು ವರ್ಷ, ಈಗ ಹೆಸರಿನಲ್ಲೇ ಆನರ್ಸ್. 75%ರ ಷರತ್ತು, ಮೂರನೇ ವರ್ಷ ಬಿಡುವ ಆಯ್ಕೆ ಅಂತ ಯೋಚಿಸಬೇಕಾಗಿಲ್ಲ. ಹತ್ತಿರದಲ್ಲಿ ಚಿಂತಾಮಣಿಯ ಕೃಷಿ ಕಾಲೇಜು ಇದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಪ್ರವೇಶ ಕೆಸಿಇಟಿ ಮೂಲಕ, ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು. ಕೃಷಿಕರ ಕೋಟಾದಲ್ಲಿ ಹೋಗುವುದಾದರೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ, ಬೀಜ, ಗೊಬ್ಬರ, ಉಪಕರಣ ಗುರುತಿಸುವುದು ಆ ಬಗೆಯದು. ಪಹಣಿ ಅಪ್ಪನ ಹೆಸರಿನಲ್ಲಿದೆಯೋ, ಇನ್ನೂ ತಾತನ ಹೆಸರಿನಲ್ಲೇ ಇದೆಯೋ ಇವತ್ತೇ ನೋಡಿಕೊಳ್ಳಿ. ತಾತನ ಹೆಸರಿನಲ್ಲಿದ್ದರೆ ವಂಶವೃಕ್ಷಕ್ಕೆ ನಾಡಕಚೇರಿಗೆ ಓಡಾಡಬೇಕಾಗುತ್ತದೆ, ಅದಕ್ಕೆ ದಿನ ಹಿಡಿಯುತ್ತದೆ.

ಕೆರೆ_ಏರಿ

ಮರೆತಿದ್ದೆ: ಬಾಟಲಿ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯಬೇಡಿ, ಐಸ್ ಡಬ್ಬಿಯ ತೇವಕ್ಕೆ ಅಳಿಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ನಂಬರು ಬಾಟಲಿ ಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ತೊಳೆಯುವಾಗ ಮುಚ್ಚಳಗಳು ಅದಲುಬದಲಾಗುತ್ತವೆ.